ಸಂಗದೋಷ: ಸುರಪುರದ ಟೇಲರ್ ಸಾಹೇಬನ ಕಾದಂಬರಿ



ನಮ್ಮ ಯಾದಗಿರಿ ಸೀಮೆಯಲ್ಲಿ ಮನೆಯ ಹುಡುಗ ದಾರಿ ತಪ್ಪಿದರೆ ಹಿರಿಯರು ಮೊದಲು ಕೇಳುವುದು, ‘ಯಾರ ಸಂಗ ಮಾಡ್ಯಾನ?’ ಎಂದು. ಅಬ್ಬೆತುಮಕೂರಿನಲ್ಲಿ ವಿಶ್ವಾರಾಧ್ಯರ ಗದ್ದುಗೆಯ ಮುಂದೆ ಮಗನನ್ನು ನಿಲ್ಲಿಸಿ ‘ಒಳ್ಳೆ ಬುದ್ಧಿ ಕೊಡಪ್ಪಾ’ ಎಂದು ಕೈಮುಗಿಯುವ ತಾಯಿಯ ಮನಸ್ಸಿನಲ್ಲೂ ಇರುವುದು ಅದೇ ಕಳವಳ. ಈ ಪ್ರಶ್ನೆಯನ್ನೇ ಹಿಡಿದು ಹೊರಟ ಒಂದು ಇಂಗ್ಲಿಷ್ ಕಾದಂಬರಿ ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ ಎರಡು ವರ್ಷಕ್ಕೆ, 1839ರಲ್ಲಿ, ಲಂಡನ್ನಿನಲ್ಲಿ ಅಚ್ಚಾಯಿತು. ಹೆಸರು ‘ಕನ್ಫೆಷನ್ಸ್ ಆಫ್ ಎ ಥಗ್’. ಬರೆದವನು ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಟೇಲರ್ ಸಾಹೇಬ ಇವನೇ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವನ ವಾಸದ ಮನೆ.

ಕಾದಂಬರಿಯ ನಾಯಕ ಅಮೀರ್ ಅಲಿ. ಪಯಣಿಗರ ಸ್ನೇಹ ಗಳಿಸಿ, ಜೊತೆಗೆ ನಡೆದು, ಸಮಯ ನೋಡಿ ಕೊರಳಿಗೆ ಬಟ್ಟೆ ಬಿಗಿದು ಕೊಲ್ಲುವ ಥಗ್ಗರ ಗುಂಪೊಂದು ಅವನ ತಂದೆತಾಯಿಯನ್ನು ಕೊಲ್ಲುತ್ತದೆ. ಆಗ ಅವನಿನ್ನೂ ಸಣ್ಣ ಹುಡುಗ. ಗುಂಪಿನ ನಾಯಕ ಇಸ್ಮಾಯಿಲ್ ಮಗುವನ್ನು ಎತ್ತಿಕೊಂಡು ಹೋಗಿ ಸ್ವಂತ ಮಗನಂತೆ ಸಾಕುತ್ತಾನೆ. ಟೇಲರನ ಕಥೆಯ ತಿರುಳು ಇಲ್ಲಿದೆ. ಇಸ್ಮಾಯಿಲ್ ಹುಡುಗನನ್ನು ಹೊಡೆದು, ಹೆದರಿಸಿ ಕೆಡಿಸುವುದಿಲ್ಲ. ಅಕ್ಕರೆಯಿಂದ ಬೆಳೆಸುತ್ತಾನೆ. ತನ್ನ ಕಸುಬಿನ ಗುಟ್ಟನ್ನು ಹುಡುಗ ತಾನಾಗಿ ಕೇಳುವವರೆಗೆ ಕಾಯುತ್ತಾನೆ. ಹುಡುಗನಿಗೆ ಅದು ಪಾಪದ ದಾರಿ ಅನ್ನಿಸುವುದೇ ಇಲ್ಲ. ಅಪ್ಪ ಮೆಚ್ಚುವ ಮಗನಾಗುವ ದಾರಿ ಅನ್ನಿಸುತ್ತದೆ.

ದೀಕ್ಷೆಯ ದಿನ ಅವನ ಕೈಗೆ ಗುದ್ದಲಿ ಕೊಟ್ಟು ಆಣೆ ಮಾಡಿಸಿ, ಪೂಜಿಸಿದ ಬೆಲ್ಲ ತಿನ್ನಿಸುತ್ತಾರೆ. ಆ ಬೆಲ್ಲದ ರುಚಿ ಕಂಡವನು ಮತ್ತೆ ಬೇರೆ ಮನುಷ್ಯನಾಗಲಾರ ಎಂಬುದು ಥಗ್ಗರ ನಂಬಿಕೆ. ಬೆಲ್ಲದಲ್ಲಿ ವಿಷವಿಲ್ಲ. ಕೊಲೆಗೆ ದೇವಿಯ ಅಪ್ಪಣೆ, ಶಕುನ, ವಿಧಿ ಎಂಬ ಹೆಸರು ಕೊಟ್ಟು, ಮಾಡಿದವನ ಹೊಣೆಯನ್ನು ಅವನ ಹೆಗಲಿನಿಂದ ಇಳಿಸುವ ಮಾತಿನಲ್ಲಿ ವಿಷವಿದೆ. ಆಮೇಲೆ ಅಮೀರ್ ಅಲಿ ಕೊಲ್ಲುತ್ತಲೇ ಹೋಗುತ್ತಾನೆ. ಕೊನೆಗೊಮ್ಮೆ ಗುರುತಿಲ್ಲದೆ ಒಡಹುಟ್ಟಿದ ತಂಗಿಯನ್ನೇ ಕೊಂದಿದ್ದಾನೆಂದು ತಿಳಿಯುತ್ತದೆ. ಅವನ ಎದೆ ಒಡೆಯುವುದು ಅಲ್ಲಿ ಮಾತ್ರ. ಉಳಿದವರೂ ಯಾರದೋ ತಂಗಿ, ಯಾರದೋ ಮಗ ಎಂಬ ಅರಿವು ಅವನಿಗೆ ಬರುವುದೇ ಇಲ್ಲ. ನೀತಿ ಕೆಡುವುದೆಂದರೆ ಇದೇ: ಮನುಷ್ಯ ಅಳುವುದನ್ನು ಮರೆಯುವುದಿಲ್ಲ, ತನ್ನವರಿಗಷ್ಟೇ ಅಳುತ್ತಾನೆ.

ಸಂಗದಿಂದ ಕೇಡು ಎಂಬ ಮಾತನ್ನು ಆಳುವವರು ಹಿಡಿದಾಗ ಅದು ಬೇರೆ ರೂಪ ತಾಳುತ್ತದೆ. 1836ರ ಕಾನೂನು ಥಗ್ಗರ ಗುಂಪಿಗೆ ಸೇರಿದವನೆಂದು ರುಜುವಾತಾದರೆ ಸಾಕು, ಜೀವಾವಧಿ ಶಿಕ್ಷೆ ಎಂದಿತು. 1871ರಲ್ಲಿ ಬ್ರಿಟಿಷರು ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿಮಾಡುವ ಕಾನೂನು ತಂದರು. ಒಬ್ಬೊಬ್ಬನ ನಡತೆ ತೂಗಿ ನೋಡುವ ತಾಳ್ಮೆ ಅಲ್ಲಿ ಉಳಿಯಲಿಲ್ಲ.

ಈಗ ಸುರಪುರಕ್ಕೆ ಬನ್ನಿ. ಕಾದಂಬರಿ ಅಚ್ಚಾದ ಎರಡೇ ವರ್ಷಕ್ಕೆ ಟೇಲರನ ಮುಂದೆ ನಿಜವಾದ ಒಬ್ಬ ಹುಡುಗ ಬಂದ. ರಾಣಿ ಈಶ್ವರಮ್ಮನ ಮಗ, ಬಾಲಕ ವೆಂಕಟಪ್ಪ ನಾಯಕ. ಅವನು ಟೇಲರನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಪ್ರಾಯಕ್ಕೆ ಬಂದ ಅರಸನ ಕೈಗೆ ಸಂಸ್ಥಾನ ಒಪ್ಪಿಸಿ ಟೇಲರ್ ಹೊರಟ. 1858ರ ಫೆಬ್ರುವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಕತ್ತಿ ಎತ್ತಿತು. ಸೋತ ಅರಸ ಹೈದರಾಬಾದಿನಲ್ಲಿ ಸೆರೆಸಿಕ್ಕ. ಮರಣದಂಡನೆ ಇಳಿದು ಕೊನೆಗೆ ನಾಲ್ಕು ವರ್ಷದ ಸೆರೆವಾಸವಾಯಿತು. ಸೆರೆಗೆ ಒಯ್ಯುವ ದಾರಿಯಲ್ಲೇ ಗುಂಡೇಟಿನಿಂದ ಪ್ರಾಣ ಹೋಯಿತು. ತನ್ನ ಆತ್ಮಕಥೆಯಲ್ಲಿ ಟೇಲರ್ ಇದಕ್ಕೆಲ್ಲ ಕೆಟ್ಟ ಸಲಹೆಗಾರರ ಸಹವಾಸವೇ ಕಾರಣವೆಂದು ಮರುಗುತ್ತಾನೆ. ಅಮೀರ್ ಅಲಿಯ ಕಥೆಗೆ ಹೊಂದಿದ ಅಳತೆಗೋಲನ್ನೇ ಸಾಕಿದ ಹುಡುಗನಿಗೂ ಹಿಡಿಯುತ್ತಾನೆ.

ಆ ಅಳತೆ ಇಲ್ಲಿ ಸಲ್ಲದು. ಸಾಕ್ಷಿ ಟೇಲರನ ಬರಹದಲ್ಲೇ ಇದೆ. ಕಾದಂಬರಿಯ ಅಮೀರ್ ಅಲಿ ಜೀವ ಉಳಿಸಿಕೊಳ್ಳಲು ಮಾಫಿ ಸಾಕ್ಷಿಯಾಗಿ, ಜೊತೆಗಾರರನ್ನು ಹಿಡಿದುಕೊಟ್ಟವನು. ವೆಂಕಟಪ್ಪ ನಾಯಕನಿಗೂ ಪ್ರಚೋದಿಸಿದವರ ಹೆಸರು ಹೇಳುವ ಅವಕಾಶವಿತ್ತು. ತಾನು ‘ಅಪ್ಪಾ’ ಎಂದು ಕರೆದವನು ಎದುರಿಗೆ ಕೂತು ಕೇಳಿದರೂ ಅವನು ಒಂದು ಹೆಸರನ್ನೂ ಹೇಳಲಿಲ್ಲ. ಕೆಟ್ಟ ಸಂಗದಲ್ಲಿ ಕರಗಿಹೋದ ಮನಸ್ಸಿನಿಂದ ಇಂಥ ನಿಲುವು ಬರುವುದಿಲ್ಲ.

ಸಂಗಕ್ಕೆ ಬಲವಿದೆ, ನಿಜ. ಆದರೆ ಯಾರನ್ನೇ ಆಗಲಿ ಸಂಗ ನೋಡಿ ಕೈಬಿಡಬೇಡಿ. ಕಷ್ಟದ ಗಳಿಗೆಯಲ್ಲಿ ಅವರು ಯಾರನ್ನು ಕಾಯ್ದರು, ಯಾರನ್ನು ಬಲಿಕೊಟ್ಟರು ಎಂಬುದನ್ನು ನೋಡಿ ತೀರ್ಪು ಕೊಡಿ.