ಸಂಗ್ರಹಾಲಯದ ನಿಧಿಯೂ ದಾನಿಯ ನೆಂಟಸ್ತಿಕೆಯೂ

(ಪುಣೆಯ ಧನಕವಡಿಯಲ್ಲಿ ನೆರೆದ ಕನ್ನಡ ಬಾಂಧವರ ಮುಂದೆ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ನಾಡುನುಡಿಗಳ ಹಿರಿಮೆಯನ್ನು ಕೊಂಡಾಡುವ ಮಾತುಗಳನ್ನು ತಾವು ಬೇಕಾದಷ್ಟು ಕೇಳಿದ್ದೀರಿ. ಅದಕ್ಕೆ ಅರ್ಹರಾದ ವಿದ್ವಾಂಸರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಮಗೆ ಒಪ್ಪಿಸಿರುವ ವಿಷಯ ಅಷ್ಟು ಸೊಗಸಿನದಲ್ಲ; ಅದು ಹಣದ ವಿಷಯ. ಪುಣೆಯಲ್ಲಿ ನೆಲೆಸಿದ ಕನ್ನಡಿಗರ ಬಾಳುವೆಯನ್ನು ತೋರಿಸುವ ಒಂದು ಪುಟ್ಟ ವಸ್ತುಸಂಗ್ರಹಾಲಯ ಆಗಬೇಕೆಂದು ನಾವೆಲ್ಲ ಮನಸ್ಸು ಮಾಡಿದ್ದೇವೆ. ಅದಕ್ಕೆ ನಿಧಿ ಕೂಡಿಸುವುದು ಹೇಗೆ, ಕೊಟ್ಟವರೊಡನೆ ನಡೆದುಕೊಳ್ಳುವುದು ಹೇಗೆ, ಇದರಲ್ಲಿ ಮುಂದಾಳುಗಳ ಪಾಲೆಷ್ಟು ಎಂಬುದನ್ನು ಅರಿಕೆ ಮಾಡಿಕೊಳ್ಳಲು ನಿಂತಿದ್ದೇವೆ.

ಮೊದಲು ನಮ್ಮ ತಪ್ಪೊಂದನ್ನು ಒಪ್ಪಿಕೊಂಡೇ ಮಾತಿಗೆ ತೊಡಗಬೇಕು. ಕೆಲವು ವರ್ಷಗಳ ಹಿಂದೆ ರಾಜ್ಯೋತ್ಸವದ ಪ್ರದರ್ಶನಕ್ಕೆಂದು ನಾವು ಮನೆಮನೆಯಿಂದ ಹಳೆಯ ವಸ್ತುಗಳನ್ನು ಕೂಡಿಸಿದೆವು. ಇದೇ ಬಡಾವಣೆಯ ಒಬ್ಬ ವೃದ್ಧ ತಾಯಿ ತನ್ನ ಅತ್ತೆಯ ಕಾಲದ ಬೀಸುಕಲ್ಲನ್ನೂ, ಬೀಸುವಾಗ ಹಾಡುತ್ತಿದ್ದ ಹಾಡುಗಳನ್ನು ತಾನೇ ಬರೆದಿಟ್ಟಿದ್ದ ಒಂದು ನೋಟುಪುಸ್ತಕವನ್ನೂ ನಮ್ಮ ಕೈಗೆ ಕೊಟ್ಟಳು. ಪ್ರದರ್ಶನ ಚೆನ್ನಾಗಿ ನಡೆಯಿತು, ಹಾರತುರಾಯಿಗಳೂ ಆದವು. ಆಮೇಲೆ ವಸ್ತುಗಳೆಲ್ಲ ಒಂದು ಗೋಣಿಚೀಲ ಸೇರಿ ನಮ್ಮವರೊಬ್ಬರ ಮನೆಯ ಅಟ್ಟಕ್ಕೇರಿದವು. ಆ ತಾಯಿ ಎರಡು ಮೂರು ಸಲ ಕೇಳಿಸಿದಳು. ‘ಜೋಪಾನವಾಗಿದೆ’ ಎಂದು ಹೇಳಿ ಕಳಿಸಿದೆವು. ನೋಡಿ ಹೇಳಿದ ಮಾತಲ್ಲ ಅದು. ಆಕೆ ತೀರಿಕೊಂಡ ಮೇಲೆ ಅಟ್ಟ ಹತ್ತಿ ನೋಡಿದರೆ ಕಲ್ಲು ಉಳಿದಿತ್ತು, ಪುಸ್ತಕವನ್ನು ಗೆದ್ದಲು ತಿಂದಿತ್ತು.

ಈಗ ಸಂಗ್ರಹಾಲಯದ ನಿಧಿಗೆಂದು ನಾವು ಮೊದಲು ಹೋದದ್ದು ಆಕೆಯ ಮಗನ ಮನೆಗೆ. ಅವರು ಚಹಾ ಕೊಟ್ಟರು, ನಮ್ಮ ಮಾತೆಲ್ಲ ಕೇಳಿದರು. ಕೊನೆಗೆ ಒಂದೇ ಮಾತು ಕೇಳಿದರು: “ರೊಕ್ಕಕ್ಕೇನ್ರಿ, ಕೊಡತೀನಿ. ನಮ್ಮವ್ವನ ಪುಸ್ತಕ ಎಲ್ಲೈತಿ ಹೇಳ್ರಿ.” ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಮಹನೀಯರೇ, ನಾವು ಇಂದು ಹೇಳಬೇಕಾದುದೆಲ್ಲ ಆ ಪ್ರಶ್ನೆಯಲ್ಲಿಯೇ ಇದೆ. ಬೇಡುವ ಕೆಲಸ ಒಂದು ದಿನದ್ದು. ಕೊಟ್ಟದ್ದನ್ನು ಕಾಯುವ, ಕಾದೆವೆಂದು ತೋರಿಸುವ ಕೆಲಸ ಬಾಳಿನುದ್ದದ್ದು.

ನಮ್ಮ ಬಗಲಲ್ಲಿಯೇ ಕಾತ್ರಜದ ಕೆರೆ ಇದೆ. 18ನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ ಅಲ್ಲಿಂದ ಶನಿವಾರವಾಡೆಯವರೆಗೆ ನೆಲದಡಿಯಲ್ಲಿ ಕಾಲುವೆ ಕಟ್ಟಿ, ಊರ ಹೌದುಗಳಿಗೆ ನೀರು ಹರಿಸಿದರು. ಕೆರೆ ದೊಡ್ಡದಿದ್ದರೆ ಸಾಲದು. ಕಾಲುವೆಯ ಹೂಳು ತೆಗೆಯದಿದ್ದರೆ ಹೌದಿಗೆ ನೀರು ಬಾರದು. ಪುಣೆಯಲ್ಲಿ ಉಳ್ಳ ಕನ್ನಡಿಗರಿಗೆ ಕೊರತೆಯಿಲ್ಲ. ಕೊರತೆಯಿರುವುದು ನಮ್ಮ ಕಾಲುವೆಯಲ್ಲಿ.

ಇದನ್ನು ಸರಿಯಾಗಿ ನಡೆಸಿದವರು ಯಾರೂ ಇಲ್ಲವೇ ಎಂದರೆ, ದೂರ ಹೋಗಬೇಕಾಗಿಲ್ಲ. ಈ ಊರಿನಲ್ಲಿಯೇ ಇದ್ದಾರೆ. ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1917ರ ಜುಲೈ 6ರಂದು ಸ್ಥಾಪನೆಯಾಯಿತು. ಯಾರ ಹೆಸರಿನಲ್ಲಿ ಅದು ನಿಂತಿತೋ ಆ ರಾಮಕೃಷ್ಣ ಗೋಪಾಲ ಭಾಂಡಾರಕರರು ತಮ್ಮ ಸ್ವಂತ ಗ್ರಂಥಭಂಡಾರವನ್ನೇ ಸಂಸ್ಥೆಗೆ ಕೊಟ್ಟರು. ಟಾಟಾ ಮನೆತನದವರು ಕಟ್ಟಡಕ್ಕೆ ನೆರವಾದರು. ಡೆಕ್ಕನ್ ಕಾಲೇಜಿನಲ್ಲಿದ್ದ ಸರ್ಕಾರದ ಹಸ್ತಪ್ರತಿಗಳ ದೊಡ್ಡ ಸಂಗ್ರಹವನ್ನು 1918ರಲ್ಲಿ ಮುಂಬಯಿ ಸರ್ಕಾರ ಇವರ ವಶಕ್ಕೆ ಒಪ್ಪಿಸಿತು. ಮುಂದಾಳು ತನ್ನ ಮನೆಯ ಕಪಾಟನ್ನು ಬರಿದು ಮಾಡಿಕೊಂಡು ನಿಂತಿರುವಾಗ ಇತರರಿಗೆ ನಂಬಿಕೆ ಹುಟ್ಟುವುದು ಸಹಜವಷ್ಟೆ. ನಮ್ಮ ಕಾರ್ಯಕಾರಿ ಸಮಿತಿಯಲ್ಲಿ ತನ್ನ ಹೆಸರಿನ ಮುಂದೆ ಒಂದು ಮೊತ್ತ ಬರೆಯದವನು ಮತ್ತೊಬ್ಬರ ಬಾಗಿಲು ತಟ್ಟಬಾರದು. ಮೊತ್ತ ಹಿರಿದಾಗಲಿ ಕಿರಿದಾಗಲಿ, ಅವನ ಶಕ್ತಿಗೆ ತಕ್ಕುದಾಗಿದ್ದರೆ ಸಾಕು.

ಅದೇ ಸಂಸ್ಥೆಯ ಇನ್ನೊಂದು ಪಾಠ ಮಹಾಭಾರತದ ಪರಿಷ್ಕೃತ ಆವೃತ್ತಿಯದು. 1918ರಲ್ಲಿ ಔಂಧ ಸಂಸ್ಥಾನದ ಒಡೆಯರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಈ ಕಾರ್ಯಕ್ಕೆ ಒಂದು ಲಕ್ಷ ರೂಪಾಯಿಯ ವಾಗ್ದಾನ ಮಾಡಿದರು. ಆ ಸಂಸ್ಥಾನದಲ್ಲಿ ಬಿಜಾಪುರದ ಸೀಮೆಯ ಗುಣದಾಳವೂ ಸೇರಿತ್ತು. ಸಂಸ್ಥಾನದ ಬೊಕ್ಕಸಕ್ಕೆ ಕನ್ನಡ ರೈತನ ಕಂದಾಯವೂ ಸಂದಿತ್ತೆಂಬುದನ್ನು ನಾವು ನೆನೆಯಬಹುದು. ಸಂಸ್ಥೆಯವರು ಈ ದಾನಿಯಿಂದ ಹಣವನ್ನಷ್ಟೇ ಪಡೆದು ಕೈಮುಗಿದು ಕಳಿಸಲಿಲ್ಲ. ಅವರು ಚಿತ್ರಕಾರರೂ ಆಗಿದ್ದರು. ಆ ಗ್ರಂಥಕ್ಕೆ ಅವರಿಂದಲೇ ಚಿತ್ರಗಳನ್ನು ಬರೆಯಿಸಿಕೊಂಡರು. ದಾನಿ ಕೆಲಸದಲ್ಲಿ ಕೈಯಿಟ್ಟ ಮೇಲೆ ಅದು ಅವನ ಕೆಲಸವೂ ಆಯಿತು. ಮುಖ್ಯ ಸಂಪಾದಕರಾದ ವಿಷ್ಣು ಸೀತಾರಾಮ ಸುಕಥನಕರರು 1943ರಲ್ಲಿ ತೀರಿಕೊಂಡರು. ಪಂತ ಪ್ರತಿನಿಧಿಯವರು 1951ರಲ್ಲಿ ತೀರಿಕೊಂಡರು. ಕೆಲಸ ಮುಗಿದದ್ದು 1966ರಲ್ಲಿ. ವಾಗ್ದಾನಕ್ಕೂ ಮುಕ್ತಾಯಕ್ಕೂ ನಡುವೆ 48 ವರ್ಷ! ಕೊಟ್ಟವರಿಲ್ಲ, ಮೊದಲು ಕೈಹಚ್ಚಿದವರಿಲ್ಲ. ಆದರೂ ಕೊಟ್ಟ ಮಾತು ಉಳಿಯಿತು.

ಇನ್ನು ಬಾಜೀರಾವ್ ರಸ್ತೆಯ ರಾಜಾ ದಿನಕರ ಕೇಳಕರ ಸಂಗ್ರಹಾಲಯವನ್ನು ನಮ್ಮಲ್ಲಿ ನೋಡದವರು ವಿರಳ. ದಿನಕರ ಗಂಗಾಧರ ಕೇಳಕರರು 1896ರಲ್ಲಿ ಹುಟ್ಟಿ 1990ರವರೆಗೆ ಬಾಳಿದವರು. ಒಬ್ಬನೇ ಮಗ ರಾಜಾ ಎಳೆವಯಸ್ಸಿನಲ್ಲಿ ತೀರಿಕೊಂಡನು. ಅವನ ಹೆಸರಿನಲ್ಲಿ ಸಂಗ್ರಹಾಲಯ ಕಟ್ಟಿದರು. ದೀಪ, ಅಡಕತ್ತರಿ, ಕುಂಕುಮದ ಭರಣಿ, ಬಾಗಿಲುವಾಡ, ವಾದ್ಯ, ಹೀಗೆ ಮನೆವಾರ್ತೆಯ ವಸ್ತುಗಳನ್ನೇ ಬಾಳೆಲ್ಲ ಅಲೆದು ಕೂಡಿಸಿದರು. ಸುಮಾರು 20,000 ವಸ್ತುಗಳಾದ ಆ ಸಂಗ್ರಹವನ್ನು 1975ರಲ್ಲಿ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಅರಮನೆಯ ಕಿರೀಟ ಬೇಕಿಲ್ಲ, ಅಡುಗೆಮನೆಯ ಸೌಟೂ ಇತಿಹಾಸವೇ ಎಂದು ಅವರು ತೋರಿಸಿಕೊಟ್ಟರು. ಜೊತೆಗೆ ಇನ್ನೊಂದು ಸಂಗತಿಯನ್ನೂ ಕಾಣಿರಿ: ಎಳೆಯ ಮಗನ ನೆನಪಿಗೆ ತಂದೆ ಇಟ್ಟ ಹೆಸರು, ಸಂಗ್ರಹ ಸರ್ಕಾರದ್ದಾದ ಮೇಲೆಯೂ ಬಾಗಿಲ ಮೇಲೆ ಉಳಿದಿದೆ. ದಾನಿಯ ಬಯಕೆಯನ್ನು ಗೌರವಿಸುವುದೆಂದರೆ ಇದು.

‘ನಮ್ಮಲ್ಲಿ ಅಂಥ ರಾಜರಿಲ್ಲ, ಟಾಟಾಗಳಿಲ್ಲ’ ಎಂದು ಕೆಲವರು ಕೈಚೆಲ್ಲುವುದುಂಟು. ಹನಿಗೂಡಿದರೆ ಹಳ್ಳವಲ್ಲವೇ? ಅಮೇರಿಕದ ಸ್ವಾತಂತ್ರ್ಯದೇವಿಯ ಪ್ರತಿಮೆಯ ಪೀಠಕ್ಕೆ ಹಣ ಸಾಲದೆ ಕೆಲಸ ನಿಂತಾಗ, 1885ರಲ್ಲಿ ಜೋಸೆಫ್ ಪುಲಿಟ್ಜರ್ ಎಂಬ ಪತ್ರಿಕೋದ್ಯಮಿ ಒಂದು ಉಪಾಯ ಹೂಡಿದನು. ಎಷ್ಟೇ ಕಿರಿದಾದ ಮೊತ್ತ ಬರಲಿ, ಕೊಟ್ಟವರ ಹೆಸರನ್ನು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಕೆಲವೇ ತಿಂಗಳುಗಳಲ್ಲಿ ಲಕ್ಷಕ್ಕೂ ಮಿಕ್ಕಿದ ಜನ ಲಕ್ಷಕ್ಕೂ ಮಿಕ್ಕಿದ ಡಾಲರು ಕೊಟ್ಟರು. ಬಹುಪಾಲು ಕಾಣಿಕೆಗಳು ಒಂದು ಡಾಲರಿಗಿಂತ ಕಡಮೆಯವು. ಹೂ ಮಾರುವವಳು ಕೊಟ್ಟ ನೂರು ರೂಪಾಯಿಗೂ ನಮ್ಮ ಸಂಚಿಕೆಯಲ್ಲಿ ಒಂದು ಸಾಲು ಇರಬೇಕು.

ಹಾಗೆಂದು ಬಂದ ಹಣವನ್ನೆಲ್ಲ ಕಣ್ಣುಮುಚ್ಚಿ ತೆಗೆದುಕೊಳ್ಳುವಂತಿಲ್ಲ. ಔಷಧಿಯ ವ್ಯವಹಾರದ ಕಾರಣದಿಂದ ಅಪವಾದಕ್ಕೆ ಗುರಿಯಾದ ಸ್ಯಾಕ್ಲರ್ ಮನೆತನದ ಹೆಸರನ್ನು ಪ್ಯಾರಿಸಿನ ಲೂವ್ರ್ 2019ರಲ್ಲಿಯೂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 2021ರಲ್ಲಿಯೂ ತಮ್ಮ ಗೋಡೆಗಳಿಂದ ತೆಗೆದುಹಾಕಬೇಕಾಯಿತು. ನಮ್ಮಲ್ಲಿ ಅಷ್ಟು ದೊಡ್ಡ ಪ್ರಸಂಗ ಬರಲಿಕ್ಕಿಲ್ಲ. ಆದರೆ ‘ನಮ್ಮ ತಂದೆಯವರ ಭಾವಚಿತ್ರ ನಡುಮನೆಯಲ್ಲಿಯೇ ಇರಬೇಕು’ ಎಂಬ ಕರಾರು ಬಂದೇ ಬರುತ್ತದೆ. ಅಂಥ ಹೊತ್ತಿನಲ್ಲಿ ‘ಸಾಧ್ಯವಿಲ್ಲ’ ಎನ್ನುವ ಭಾರವನ್ನು ಹುಡುಗರ ಮೇಲೆ ಹೊರಿಸಬಾರದು. ಅಧ್ಯಕ್ಷರೇ ಹೋಗಿ ಕುಳಿತು, ವಿನಯದಿಂದ ಹೇಳಿ ಬರಬೇಕು. ಏನನ್ನು ಸ್ವೀಕರಿಸುತ್ತೇವೆ, ಏನನ್ನು ಸ್ವೀಕರಿಸುವುದಿಲ್ಲ ಎಂಬುದನ್ನು ಮೊದಲೇ ಒಂದು ಹಾಳೆಯ ಮೇಲೆ ಬರೆದಿಟ್ಟರೆ ಮನಸ್ತಾಪ ಕಡಮೆಯಾಗುತ್ತದೆ.

ಕಾನೂನಿನ ಮಾತೂ ಸ್ವಲ್ಪ ಹೇಳಬೇಕು. 2013ರ ಕಂಪನಿ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕು. ಪರಂಪರೆ, ಕಲೆ, ಸಂಸ್ಕೃತಿಗಳ ರಕ್ಷಣೆಯೂ ಆ ಪಟ್ಟಿಯಲ್ಲಿ ಸೇರಿದೆ. ಪುಣೆಯ ಕಾರಖಾನೆಗಳಲ್ಲಿಯೂ ಗಣಕ ಸಂಸ್ಥೆಗಳಲ್ಲಿಯೂ ನಮ್ಮವರು ಎಷ್ಟು ಜನ ಮೇಲಿನ ಹುದ್ದೆಗಳಲ್ಲಿದ್ದಾರೆ! ಆದರೆ ಅಂಥ ಕಂಪನಿ ಕೇಳುವುದು ಭಾಷಣವನ್ನಲ್ಲ, ತಪಾಸಣೆಯಾದ ಜಮಾಖರ್ಚನ್ನು. ವಿದೇಶೀ ಪೌರತ್ವ ಪಡೆದ ಕನ್ನಡಿಗರಿಂದ ಹಣ ಪಡೆಯಬೇಕಾದರೆ 2010ರ ವಿದೇಶೀ ವಂತಿಗೆ ಕಾಯಿದೆಯ ಅನುಮತಿ ಬೇಕು. ವಸ್ತುಗಳ ವಿಷಯದಲ್ಲಿ 1972ರ ಪ್ರಾಚ್ಯವಸ್ತು ಕಾಯಿದೆ ಇದೆ: ನೂರು ವರ್ಷ ಮೀರಿದ ವಿಗ್ರಹ, ಚಿತ್ರಗಳೂ, 75 ವರ್ಷ ಮೀರಿದ ಮಹತ್ವದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳೆನಿಸುತ್ತವೆ, ಅವುಗಳಲ್ಲಿ ಗೊತ್ತುಪಡಿಸಿದ ಬಗೆಗಳನ್ನು ನೋಂದಾಯಿಸಬೇಕು. ದಾನಿಯ ಮನೆಯ ದೇವರ ಪೆಟ್ಟಿಗೆಯನ್ನು ಎತ್ತಿಕೊಂಡು ಬರುವ ಮುನ್ನ ಇದನ್ನು ಅವನಿಗೂ ತಿಳಿಸಿ ಹೇಳುವುದು ನಮ್ಮ ಕರ್ತವ್ಯ.

ತಾಯ್ನಾಡಿನ ಉದಾಹರಣೆಗಳೂ ಇವೆ. ಎಚ್. ಎಲ್. ನಾಗೇಗೌಡರು ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಮೇಲೆ ವಿಶ್ರಾಂತಿ ಬಯಸಲಿಲ್ಲ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಹುಟ್ಟಿತು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕದ ಬಾಗಿಲು ತೆರೆಯಿತು. ನಡುವಿನ 15 ವರ್ಷ ಅವರು ಅದನ್ನೇ ಉಸಿರಾಡಿದರು. ಮೈಸೂರಿನ ಜಯಲಕ್ಷ್ಮೀವಿಲಾಸದಲ್ಲಿರುವ ಜಾನಪದ ಸಂಗ್ರಹಾಲಯದ ಕಟ್ಟಡಕ್ಕೆ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಒಮ್ಮೆ ಜೀರ್ಣೋದ್ಧಾರವಾಯಿತು. ಕೆಲವು ವರ್ಷಗಳಲ್ಲಿ ಮತ್ತೆ ದುರಸ್ತಿ ಬೇಕಾಯಿತು. ಹಳೆಯ ಮನೆಯ ಸ್ವಭಾವವೇ ಅದು. ಆದುದರಿಂದ ಕಟ್ಟುವ ನಿಧಿಯ ಜೊತೆಗೆ ಕಾಯುವ ನಿಧಿಯನ್ನೂ ಇಂದೇ ಬೇರೆ ತೆಗೆದಿಡಬೇಕು. ಗೆದ್ದಲಿನ ಔಷಧಿಗೆ ಯಾರೂ ಹೆಸರಿನ ಫಲಕ ಕೇಳುವುದಿಲ್ಲ. ಆದರೂ ಅದಿಲ್ಲದೆ ಏನಾಗುತ್ತದೆಂಬುದನ್ನು ನಾವು ಕಂಡಿದ್ದೇವೆ.

ಇನ್ನು ನಮ್ಮ ಬಿನ್ನಹವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ದಾನಿಯ ಮನೆಗೆ ಇಬ್ಬರು ಹೋಗಬೇಕು. ಅವರಲ್ಲಿ ಒಬ್ಬರು ಆ ಮನೆಯವರಿಗೆ ಮೊದಲೇ ಪರಿಚಿತರಾಗಿರಬೇಕು. ಮೊದಲ ಸಲ ಹೋದಾಗ ಹಣದ ಮಾತು ಬೇಡ; ಅವರ ಹಿರಿಯರು ಯಾವ ಊರಿನಿಂದ ಬಂದರು, ಏನು ಹೊತ್ತು ತಂದರು ಎಂದು ಕೇಳಿ ಬರೆದುಕೊಳ್ಳಬೇಕು. ಎರಡನೆಯ ಸಲ ‘ಏನಾದರೂ ಕೊಡಿ’ ಎನ್ನದೆ, ಇಂಥ ಕಪಾಟಿಗೆ ಇಷ್ಟು, ಒಂದು ವರ್ಷದ ನಿರ್ವಹಣೆಗೆ ಇಷ್ಟು ಎಂದು ಸ್ಪಷ್ಟವಾಗಿ ಕೇಳಬೇಕು. ವಾರದೊಳಗೆ ಪಾವತಿಯೂ ಅಧ್ಯಕ್ಷರ ಕೈಬರಹದ ಕಾಗದವೂ ಮುಟ್ಟಬೇಕು. ಪ್ರತಿಯೊಂದು ವಸ್ತುವಿಗೂ ಕ್ರಮಾಂಕ ಹಾಕಿ ದಾಖಲೆಪುಸ್ತಕದಲ್ಲಿ ಬರೆಯಬೇಕು. ವರ್ಷಕ್ಕೊಮ್ಮೆ ಕೊಟ್ಟವರನ್ನೆಲ್ಲ ಕರೆದು, ಏನನ್ನೂ ಬೇಡದೆ, ಕೊಟ್ಟದ್ದು ಹೇಗಿದೆಯೆಂದು ತೋರಿಸಬೇಕು.

ಆ ದಾಖಲೆಪುಸ್ತಕವನ್ನು ನಾವು ಆಗಲೇ ತೆರೆದಿದ್ದೇವೆ. ಮೊದಲನೆಯ ಕ್ರಮಾಂಕದಲ್ಲಿ ಬೀಸುಕಲ್ಲು ಇದೆ. ಎರಡನೆಯದರಲ್ಲಿ ಹೀಗೆ ಬರೆದಿದೆ: ‘ಹಾಡುಗಳ ನೋಟುಪುಸ್ತಕ, ಒಂದು. ನಮ್ಮ ಅಜಾಗ್ರತೆಯಿಂದ ನಾಶವಾಯಿತು.’ ಆ ಪುಟವನ್ನು ಒಯ್ದು ಮಗನ ಮುಂದಿಟ್ಟೆವು. ಅವರು ಬಹಳ ಹೊತ್ತು ನೋಡಿದರು. “ಕಲ್ಲ ಇಟ್ಟ ದಿವಸ ಹೇಳಿ ಕಳಸ್ರಿ, ಬರತೀನಿ. ನಮ್ಮ ಅಕ್ಕಗ ಒಂದೆರಡು ಹಾಡ ಇನ್ನೂ ನೆನಪದಾವ” ಎಂದರು. ಹಣದ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಈ ಧನಕವಡಿಯ ಮುಂದಿನ ಸಾತಾರೆಯ ರಸ್ತೆಯೇ ಘಟ್ಟವಿಳಿದು ನಿಪ್ಪಾಣಿ, ಬೆಳಗಾವಿ, ಧಾರವಾಡಗಳಿಗೆ ಹೋಗುತ್ತದೆ. ಆ ದಾರಿಯಲ್ಲಿ ನಮ್ಮ ಹಿರಿಯರು ಹೊತ್ತು ತಂದದ್ದು ಇನ್ನೂ ಎಷ್ಟೋ ಅಟ್ಟಗಳ ಮೇಲಿದೆ. ಅದನ್ನು ನಮ್ಮ ಕೈಗೆ ಕೊಡಲು ಜನ ಹಿಂಜರಿಯದಂತೆ ನಾವು ನಡೆದುಕೊಂಡರೆ ನಿಧಿ ತಾನಾಗಿ ಕೂಡುತ್ತದೆ.