ಮೊಳೆಯಿಲ್ಲದ ಮನೆ

(ಪುಂಜಾಲಕಟ್ಟೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮನೆ ಕಟ್ಟುವ ವಿಷಯವನ್ನು ಕುರಿತು ಉಪದೇಶ ಮಾಡಲು ನಾವು ಶಿಲ್ಪಶಾಸ್ತ್ರಜ್ಞರಲ್ಲ. ಉಳಿ ಕೊಡತಿ ಹಿಡಿದು ಜೀವಿಸಿದವರೂ ಅಲ್ಲ. ಆದರೆ ಈ ಊರಿಗೆ ಸಮೀಪದಲ್ಲಿ, ನಮ್ಮ ಹಿರಿಯರ ಜೀರ್ಣವಾದ ಮನೆಯನ್ನು ಬಿಚ್ಚಿದಾಗ ದೊರೆತ ಮೋಪಿನಿಂದಲೇ, ೧೬ ಅಡಿ ಉದ್ದ ೧೨ ಅಡಿ ಅಗಲದ ಚಿಕ್ಕ ಮನೆಯೊಂದನ್ನು ವೃದ್ಧ ಆಚಾರಿಯೊಬ್ಬರ ಕೈಯಿಂದ ಕಟ್ಟಿಸಿದೆವು. ಆಗ ನಾವು ಕಲಿತುದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವುದಷ್ಟೇ ಇಂದಿನ ಉದ್ದೇಶವು.

ಮೊದಲಲ್ಲಿ ನಾವು ಅವಸರಪಟ್ಟೆವು. "ಆಚಾರ್ರೇ, ಕಬ್ಬಿಣದ ಪಟ್ಟಿಯಿಟ್ಟು ಬೋಲ್ಟು ಬಿಗಿದರೆ ಎಂಟು ದಿನದ ಕೆಲಸವಲ್ಲವೇ?" ಎಂದೆವು. ಅವರು ಉತ್ತರ ಕೊಡಲಿಲ್ಲ. ಹಳೆಯ ತೊಲೆಯೊಂದನ್ನು ನಮ್ಮ ಮುಂದೆ ಹೊರಳಿಸಿದರು. ಎಂದೋ ದುರಸ್ತಿಗಾಗಿ ಹೊಡೆದ ಮೊಳೆಯೊಂದು ಅದರಲ್ಲಿತ್ತು; ಅದರ ಸುತ್ತಲಿನ ಮರ ಕಪ್ಪಾಗಿ, ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿತ್ತು. ಅಲ್ಲಿಂದ ಗೇಣು ದೂರದಲ್ಲಿ ಮೂಲದ ಮರದ ಗೂಟವು ನಿನ್ನೆ ಹೊಡೆದಂತೆ ಬಿಗಿಯಾಗಿತ್ತು. "ಮರ ಕುಡಿದ ನೀರನ್ನು ಗೂಟವೂ ಕುಡಿಯುತ್ತದೆ, ಸ್ವಾಮೀ. ಕಬ್ಬಿಣ ಕುಡಿಯುವುದಿಲ್ಲ, ಕೊಳೆಯಿಸುತ್ತದೆ" ಎಂದರು.

ಈ ಒಂದು ಮಾತಿನಲ್ಲಿ ನಮ್ಮ ನಾಡಿನ ಮರಗೆಲಸದ ಮರ್ಮವೆಲ್ಲ ಅಡಗಿದೆ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರು ಮಳೆ. ಅದರ ಬಹುಭಾಗ ನಾಲ್ಕು ತಿಂಗಳಲ್ಲಿಯೇ ಸುರಿಯತಕ್ಕದ್ದು. ಆಟಿಯ ತಿಂಗಳಲ್ಲಿ ಮರ ಅಡ್ಡಕ್ಕೆ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಬಹಳ ಅಲ್ಪವಾಗಿ ವ್ಯತ್ಯಾಸಗೊಳ್ಳುತ್ತದೆ. ಈ ಸ್ವಭಾವವನ್ನು ಬಲ್ಲವನು ಮರವನ್ನು ಮರದಿಂದಲೇ ಬಂಧಿಸುತ್ತಾನೆ.

ಅದು ಹೇಗೆ? ಕಂಬದ ಬುಡ ಮಣ್ಣನ್ನು ಮುಟ್ಟಕೂಡದು. ಗೆದ್ದಲಿಗೂ ತೇವಕ್ಕೂ ತಡೆಯಾಗಿ ಅದನ್ನು ಕಲ್ಲಿನ ಮೇಲೆ ನಿಲ್ಲಿಸುವರು. ನಮ್ಮ ಮನೆಗೆ ಹಲಸಿನ ಆರು ಕಂಬಗಳು. ಕಂಬದ ತಲೆಯನ್ನು ನಾಲಗೆಯಂತೆ ಕಿರಿದಾಗಿ ಕಡಿದು, ತೊಲೆಯಲ್ಲಿ ಅದೇ ಅಳತೆಯ ಕಂಡಿ ತೆಗೆದು ಕೂರಿಸಿದರು. ಕಂಡಿಯ ಅಗಲ ಮರದ ದಪ್ಪದ ಮೂರರಲ್ಲೊಂದು ಪಾಲನ್ನು ಮೀರಬಾರದು. ಮೀರಿದರೆ ತೊಲೆಯ ಬಲವೇ ಹೋಯಿತು. ಬಳಿಕ ಬೈರಿಗೆಯಿಂದ ತೂತು ಕೊರೆಯುವಾಗ ಒಂದು ಉಪಾಯವುಂಟು. ನಾಲಗೆಯ ತೂತನ್ನು ತೊಲೆಯ ತೂತಿಗೆ ಸರಿಯಾಗಿ ಇಡದೆ, ಒಂದು ನೂಲಿನಷ್ಟು ಹೆಗಲ ಕಡೆಗೆ ಸರಿಸುವರು. ಒಣಗಿದ ಗಟ್ಟಿಮರದ ಗೂಟವನ್ನು ಹೊಡೆದಾಗ ಅದು ಕೊಂಚ ಬಾಗಿ ಎರಡೂ ಮರಗಳನ್ನು ಒಂದಕ್ಕೊಂದು ಸೆಳೆದು ಬಿಗಿಯುತ್ತದೆ. ತೊಲೆ ಉದ್ದ ಸಾಲದಿದ್ದಲ್ಲಿ ಎರಡರ ತುದಿಗಳನ್ನೂ ಓರೆಯಾಗಿ ಕಡಿದು ಸೇರಿಸಬಹುದು. ಆದರೆ ಆ ಸೇರುವೆ ಕಂಬದ ಬೋದಿಗೆಯ ಮೇಲೆಯೇ ಬರತಕ್ಕದ್ದು, ನಡುವೆ ಬರಕೂಡದು. ಮೂಲೆಯಲ್ಲಿ ಎರಡು ತೊಲೆಗಳು ಸಂಧಿಸುವೆಡೆ ಪ್ರತಿಯೊಂದನ್ನೂ ಅರ್ಧ ದಪ್ಪಕ್ಕೆ ಕಡಿದು ಒಂದರೊಳಗೊಂದನ್ನು ಕೂರಿಸುವರು. ಮೇಲೆ ಪಕ್ಕಾಸು, ರೀಪು, ಹಂಚು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹಂಚಿನ ಮಾಡುಗಳಾದವು. ಅಡಿಯ ಮರದ ಚೌಕಟ್ಟು ಮಾತ್ರ ಆ ಹೊಸ ಭಾರವನ್ನೂ ಹೊತ್ತುಕೊಂಡಿತು.

ಇದು ಬಡ ವಿದ್ಯೆಯೆಂದು ಯಾರೂ ತಿಳಿಯಬಾರದು. ಸಮೀಪದ ಮೂಡಬಿದ್ರೆಗೆ ಹೋಗಿ ನೋಡಿರಿ. ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಲ್ಲಿ ಕಲ್ಲಿನ ಚಪ್ಪಡಿಗಳನ್ನು ಮರದ ಹಲಗೆಗಳಂತೆ ಇಳಿಜಾರಾಗಿ ಹೊದಿಸಿರುವರು. ಕಲ್ಲುಕುಟಿಗನು ಬಡಗಿಯನ್ನು ಗುರುವೆಂದು ಒಪ್ಪಿದ ಸಾಕ್ಷಿಯದು. ಅಲ್ಲಿಯೇ ಚೌಟರ ಅರಮನೆಯ ಮರದ ಕಂಬಗಳಲ್ಲಿ ನವನಾರೀ ಕುಂಜರ, ಪಂಚನಾರೀ ತುರಗಗಳನ್ನು ಕೆತ್ತಿರುವರು. ನೋಡಲು ಬಂದವರೆಲ್ಲರೂ ಆನೆಯನ್ನೂ ಕುದುರೆಯನ್ನೂ ಕಂಡು ಬೆರಗಾಗುತ್ತಾರೆ. ಆ ಕಂಬದ ತಲೆ ತೊಲೆಯೊಡನೆ ಹೇಗೆ ಕೂಡಿದೆಯೆಂದು ಕತ್ತೆತ್ತಿ ನೋಡುವವರೆಷ್ಟು ಮಂದಿ?

ಹೀಗೆ ಕೂಡಿಸಿದ್ದನ್ನು ಬಿಚ್ಚಲೂಬಹುದು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕುಂಜೂರಿನ ಚೌಕಿಮನೆಯನ್ನೂ, ದೂರದ ಕುಕನೂರಿನ ಕಮಲ ಮಹಲನ್ನೂ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಮೊಳೆ ಗಾರೆಗಳಿಂದ ಅಂಟಿಸಿದ ಮನೆಗೆ ಇಂಥ ಪುನರ್ಜನ್ಮವುಂಟೇ?

ಇಲ್ಲಿ ನಮ್ಮ ಅಪರಾಧವೊಂದನ್ನು ಒಪ್ಪಿಕೊಳ್ಳಬೇಕು. ಹಳೆಯ ಮನೆಯನ್ನು ಬಿಚ್ಚುವಾಗ, ಆಚಾರಿಯವರು ಬರುವುದಕ್ಕೆ ಒಂದು ದಿನ ಮುಂಚಿತವಾಗಿಯೇ ಕೂಲಿಯವರಿಂದ ಹಾರೆ ಹಾಕಿಸಿದೆವು. ಗೂಟವೆಲ್ಲಿದೆಯೆಂದು ಅರಿಯದೆ ಮೀಟಿದ್ದರಿಂದ ಚಾವಡಿಯ ದೊಡ್ಡ ತೊಲೆ ಕಂಡಿಯಲ್ಲಿಯೇ ಸೀಳಿಹೋಯಿತು. ಮರುದಿನ ಅವರು ಬಂದು, ಸೀಳಿದ ತುದಿಯಲ್ಲಿ ಉಳಿಯಿಂದ ಹಾಕಿದ್ದ ಗೀಟುಗಳನ್ನು ತೋರಿಸಿದರು. ಯಾವ ತೊಲೆ ಯಾವ ಕಂಬಕ್ಕೆ ಎಂಬುದನ್ನು ಹಿಂದಿನ ಬಡಗಿ ಅಲ್ಲಿ ಬರೆದಿಟ್ಟಿದ್ದನು. ಓದಲು ಬಾರದವರು ಗ್ರಂಥವನ್ನು ಹರಿದಂತೆ ನಾವು ಹರಿದಿದ್ದೆವು.

ಚಾರ್ಮಾಡಿಗೆ ಹೋಗುವ ನಮ್ಮ ಹೆದ್ದಾರಿ ಅಗಲವಾಯಿತು. ಕಾಂಕ್ರೀಟಿನ ಮನೆಗಳು ಏಳುತ್ತಿವೆ. ನಾವು ಅವುಗಳಿಗೆ ವಿರೋಧಿಗಳಲ್ಲ. ಮೋಪು ತುಟ್ಟಿ, ಕುಶಲರ ಕೂಲಿಯೂ ಹೆಚ್ಚು. ಎಲ್ಲರೂ ಮರದ ಮನೆ ಕಟ್ಟಿರೆಂದು ಹೇಳುವುದು ಸಲ್ಲದು. ಆದರೆ ಯಂತ್ರವು ಒಂದು ಹಗಲಿನಲ್ಲಿ ಉರುಳಿಸುವ ಹಳೆಯ ಮನೆಯೊಂದಿಗೆ ಒಂದು ವಿದ್ಯೆಯೂ, ಆ ವಿದ್ಯೆಯ ಮಾತುಗಳೂ ಉರುಳುತ್ತವೆ. ನಮ್ಮ ಆಚಾರಿಯವರ ಮಕ್ಕಳು ಬೇರೆ ಉದ್ಯೋಗ ಹಿಡಿದಿರುವರು. ಅವರ ಬಾಯಲ್ಲಿರುವ ಕೆಲಸದ ಶಬ್ದಗಳಲ್ಲಿ ಎಷ್ಟೋ ನಮ್ಮ ಪುಸ್ತಕಗಳಲ್ಲಿ ನಮಗೆ ದೊರೆಯಲಿಲ್ಲ.

ಆದ್ದರಿಂದ ತಮ್ಮಲ್ಲಿ ಎರಡು ಬಿನ್ನಹಗಳು. ಹಳೆಯ ಮನೆಯನ್ನು ತೆಗೆಯುವವರು ಹಾರೆಗಿಂತ ಮೊದಲು ಆಚಾರಿಯನ್ನು ಕರೆಯಿರಿ. ಒಂದೊಂದು ಸಂದನ್ನೂ ಬಿಚ್ಚಿಸಿ, ಅಳತೆ ಬರೆದಿಟ್ಟು, ಉಳಿದ ಮೋಪಿನಿಂದ ಒಂದು ಜಗಲಿಯನ್ನಾದರೂ ಕಟ್ಟಿಸಿರಿ. ಉಪಾಧ್ಯಾಯರು ಅಂಥ ದಿನ ಮಕ್ಕಳನ್ನು ಕರೆತಂದು, ಆಚಾರಿಯವರು ಹೇಳುವ ಪ್ರತಿಯೊಂದು ಹೆಸರನ್ನೂ ಬರೆಯಿಸಿರಿ. ರೇಖಾಗಣಿತದ ಪಾಠ ಅದಕ್ಕಿಂತ ಚೆನ್ನಾಗಿ ಬೇರೆಲ್ಲಿ ದೊರೆತೀತು?

ಸೀಳಿದ ಆ ತೊಲೆಯನ್ನು ನಾವು ಸುಡಲಿಲ್ಲ. ಅದರ ಕೊನೆಯನ್ನು ಕೊಯ್ಯಿಸಿ, ಗೀಟುಗಳು ಕಾಣುವಂತೆ ಹೊಸ ಮನೆಯ ಜಗಲಿಯಲ್ಲಿ ಇರಿಸಿದ್ದೇವೆ. ತಾವು ಬಂದು ನೋಡಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇವೆ.