ಉದ್ಯಾನದ ಹಿಂದಿನ ನೀರು



ಕಳೆದ ವರ್ಷ ಏಳನೆಯ ತರಗತಿಯಲ್ಲಿ ನಾವು ಇರಾನಿನ ಮಾಹಾನ್ ಪಟ್ಟಣದ ಬಳಿಯಿರುವ ಶಾಹ್‌ಜಾದೆ ಉದ್ಯಾನದ ಚಿತ್ರವೊಂದನ್ನು ತೋರಿಸಿದೆವು. ಸುತ್ತಲೂ ಬರಡು ನೆಲ. ನಡುವೆ ಗೋಡೆ ಕಟ್ಟಿದ ಹಸುರು ತೋಟ. ಅದರೊಳಗೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ನೀರು. ಮಕ್ಕಳೆಲ್ಲ ಮರಗಳನ್ನೂ ಮಂಟಪವನ್ನೂ ಮೆಚ್ಚಿಕೊಂಡರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಕೇಳಿದಳು: "ಟೀಚರ್, ಆ ನೀರು ಎಲ್ಲಿಂದ ಬರುತ್ತದೆ?" ಆ ಪ್ರಶ್ನೆಗೆ ನಾವು ಹುಡುಕಿಕೊಂಡ ಉತ್ತರವನ್ನೇ ಇಂದು ತಮ್ಮ ಮುಂದಿಡುತ್ತಿದ್ದೇವೆ.

ಪರ್ಶಿಯಾದ ಉದ್ಯಾನಗಳಿಗೆ ಎರಡೂವರೆ ಸಾವಿರ ವರ್ಷಗಳ ಪರಂಪರೆಯಿದೆ. ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ ಸೈರಸ್ ದೊರೆಯು ಪಸರ್ಗಡೆಯಲ್ಲಿ ಮಾಡಿಸಿದ ಉದ್ಯಾನದ ಕಲ್ಲುಕಾಲುವೆಗಳ ಅವಶೇಷಗಳು ಇಂದಿಗೂ ಉಳಿದಿವೆ. 2011ರಲ್ಲಿ ಯುನೆಸ್ಕೊ ಇಂತಹ 9 ಉದ್ಯಾನಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಿಗೆ ನೀರು ಬಂದ ದಾರಿ ಮಾತ್ರ ಒಂದೇ ಅಲ್ಲ.

ಕ್ಯಾಸ್ಪಿಯನ್ ಕಡಲಿನ ದಕ್ಷಿಣಕ್ಕಿರುವ ಅಬ್ಬಾಸಾಬಾದಿನಲ್ಲಿ, 17ನೆಯ ಶತಮಾನದ ಆರಂಭದಲ್ಲಿ, ಒಂದನೆಯ ಶಾಹ್ ಅಬ್ಬಾಸನ ಕಾಲದವರು ಕಾಡಿನ ನಡುವೆ ಅಣೆಕಟ್ಟು ಕಟ್ಟಿ ನೀರನ್ನು ನಿಲ್ಲಿಸಿದರು. ಅಲ್ಲಿಂದ ಸುಟ್ಟಮಣ್ಣಿನ ಕೊಳವೆಗಳ ಮೂಲಕ ಅದು ಉದ್ಯಾನವನ್ನು ಸೇರುತ್ತಿತ್ತು. ಕಾಶಾನಿನ ಫಿನ್ ಉದ್ಯಾನಕ್ಕೆ ಬೆಟ್ಟದ ತಪ್ಪಲಿನ ಊಟೆಯೇ ಆಧಾರ. ಯಂತ್ರವಿಲ್ಲದೆಯೇ, ಕೇವಲ ಎತ್ತರದ ಬಲದಿಂದ, ಅಲ್ಲಿನ ಕಾರಂಜಿಗಳು ಚಿಮ್ಮುತ್ತವೆ.

ಮಾಹಾನಿನ ನೀರು ಬಂದದ್ದು 'ಕನಾತ್' ಎಂಬ ನೆಲದಡಿಯ ಕಾಲುವೆಯಿಂದ. ಬೆಟ್ಟದ ಬುಡದಲ್ಲಿ ತಾಯಿಬಾವಿ ತೋಡಿ ನೀರಿನ ನೆಲೆಯನ್ನು ಗುರುತಿಸುತ್ತಾರೆ. ಅಲ್ಲಿಂದ ಬಯಲಿನವರೆಗೆ ಸಾಲಾಗಿ ಬಾವಿಗಳನ್ನು ಇಳಿಸಿ, ಅವುಗಳ ತಳವನ್ನು ಸುರಂಗದಿಂದ ಜೋಡಿಸುತ್ತಾರೆ. ಇಳಿಜಾರು ಹೆಚ್ಚಾದರೆ ನೀರು ಮಣ್ಣನ್ನು ಕೊರೆಯುತ್ತದೆ. ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಗೊನಾಬಾದಿನ ಕನಾತ್ ಸುಮಾರು 33 ಕಿಲೋಮೀಟರ್ ಉದ್ದವಿದೆ. ಇದನ್ನು ತೋಡುವ 'ಮುಕನ್ನಿ'ಗಳು ಈ ವಿದ್ಯೆಯನ್ನು ತಂದೆಯಿಂದ ಮಗನಿಗೆ ಕಲಿಸುತ್ತ ಬಂದರು. ನೀರು ಹಂಚುವುದಕ್ಕೂ ಕ್ರಮವಿತ್ತು. ತಳದಲ್ಲಿ ಸಣ್ಣ ತೂತುಳ್ಳ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟು, ಅದು ತುಂಬಿ ಮುಳುಗುವ ಹೊತ್ತನ್ನು ಅಳತೆಯಾಗಿಟ್ಟು ರೈತರ ಸರದಿಯನ್ನು ಎಣಿಸುತ್ತಿದ್ದರು. ನಮ್ಮ ಹಿರಿಯರು ಗಳಿಗೆಯನ್ನು ಅಳೆದದ್ದೂ ಇಂತಹ ಬಟ್ಟಲಿನಿಂದಲೇ.

ಆದರೆ ಕನಾತ್ ಒಮ್ಮೆ ತೋಡಿ ಮರೆಯುವ ವಸ್ತುವಲ್ಲ. ಆಗಾಗ ಒಳಗಿಳಿದು ಹೂಳೆತ್ತದಿದ್ದರೆ ಅದು ಮುಚ್ಚಿಹೋಗುತ್ತದೆ. 20ನೆಯ ಶತಮಾನದಲ್ಲಿ ಆಳದ ಪಂಪುಬಾವಿಗಳು ಬಂದಮೇಲೆ ಅಂತರ್ಜಲ ಕುಸಿದು ಅನೇಕ ಕನಾತ್‌ಗಳು ಬತ್ತಿದವು.

ಇಷ್ಟನ್ನು ಹೇಳಿ ಮುಗಿಸಿದಾಗ ಅದೇ ಹುಡುಗಿ ಮತ್ತೆ ಎದ್ದು ನಿಂತಳು: "ನಮ್ಮ ಗುಡ್ಡದ ಸುರಂಗವೂ ಹಾಗೆಯೇ ಅಲ್ಲವೇ ಟೀಚರ್?" ಹೌದು. ನಮ್ಮ ಕಾಸರಗೋಡಿನ ಹಿರಿಯರು ಮುರಕಲ್ಲಿನ ಗುಡ್ಡಗಳನ್ನು ಅಡ್ಡಲಾಗಿ ಕೊರೆದು ನೀರು ತಂದರು. ಅಡಿಕೆಯ ದಂಬೆಯಲ್ಲಿ ಅದನ್ನು ತೋಟಕ್ಕೆ ಹರಿಸಿದರು. ಇರಾನಿನ ಮಾದರಿಯನ್ನು ನೋಡಿ ಇದನ್ನು ಮಾಡಿದರೆಂದು ನಾವು ಹೇಳುತ್ತಿಲ್ಲ. ನೀರನ್ನು ಮೇಲೆತ್ತದೆ, ಅದರ ಇಳಿಜಾರಿನ ಗುಣವನ್ನೇ ನಂಬಿದ ತತ್ತ್ವ ಎರಡೂ ಕಡೆ ಒಂದೇ.

ಶಾಲೆಯ ಹಿಂದಿನ ಸುರಂಗದ ನೀರನ್ನು ಇಲ್ಲಿ ಕುಳಿತಿರುವ ಎಷ್ಟೋ ಮಂದಿ ಹಿರಿಯ ವಿದ್ಯಾರ್ಥಿಗಳು ಬೊಗಸೆಯೊಡ್ಡಿ ಕುಡಿದಿದ್ದೀರಿ. ಕೊಳವೆಬಾವಿ ಬಂದಮೇಲೆ ನಾವು ಅದರ ಬಾಯಿಗೆ ಬೆಳೆದ ಪೊದೆಯನ್ನೂ ಕಡಿಯಲಿಲ್ಲ. ಈ ತಪ್ಪು ನಮ್ಮದೇ. ಕಳೆದ ಏಪ್ರಿಲ್‌ನಲ್ಲಿ ಕೊಳವೆಬಾವಿ ಬತ್ತಿತು. ಮಕ್ಕಳು ಮನೆಯಿಂದ ಬಾಟಲಿ ತಂದರು. ಪೊದೆ ಸರಿಸಿ ನೋಡಿದರೆ, ಹೂಳಿನ ನಡುವೆಯೂ ಬೆರಳುಗಾತ್ರದ ನೀರು ಹರಿಯುತ್ತಿತ್ತು.

ನೂರು ವರ್ಷ ತುಂಬಿದ ಈ ಕನ್ನಡ ಶಾಲೆಯನ್ನು ನೋಡುವಾಗಲೂ ಅದೇ ಮಾತು ನೆನಪಾಗುತ್ತದೆ. ಕಟ್ಟಿದವರನ್ನು ಕೊಂಡಾಡಿದರಷ್ಟೇ ಸಾಲದು. ಹೂಳೆತ್ತುವ ಸರದಿ ಈಗ ನಮ್ಮದು. ತಮ್ಮ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಈ ತರಗತಿಗಳಿಗೆ ಕಳುಹಿಸಿಕೊಡಿರೆಂದು ಪ್ರಾರ್ಥಿಸುತ್ತೇವೆ. ಬೇಸಿಗೆ ರಜೆಯ ಮೊದಲ ಭಾನುವಾರ, ಸುರಂಗದ ಕೆಲಸ ಬಲ್ಲ ಹಿರಿಯರ ಮಾರ್ಗದರ್ಶನದಲ್ಲಿ, ಹೂಳೆತ್ತುವ ಕೆಲಸ ಆರಂಭವಾಗಲಿದೆ. ಒಳಗೆ ಇಳಿಯುವವರು ನುರಿತವರು. ಹೊರಗೆ ಮಣ್ಣಿನ ಬುಟ್ಟಿ ಸಾಗಿಸಲು ನಾವೆಲ್ಲರೂ ಬೇಕು. ದಯಮಾಡಿ ಬನ್ನಿ.